ಒಂದೇ ಮೈದಾನ, ನಾನು ಮತ್ತು ಪಿ.ಟಿ. ಸರ್

ಹೊಟ್ಟೆಕಿಚ್ಚು ಪಡಬಾರದು ಎಂದು ಪ್ರತಿ ಶನಿವಾರ ಬೆಳಿಗ್ಗೆ ಹಲ್ಲುಜ್ಜುವಾಗಲೇ ತೀರ್ಮಾನ ಮಾಡುತ್ತೇನೆ. ಹೊರಮಾವಿನಲ್ಲಿ ಬಸ್ಸು ಹತ್ತುವವರೆಗೂ ಆ ತೀರ್ಮಾನ ಗಟ್ಟಿಯಾಗಿಯೇ ಇರುತ್ತದೆ. ಹಲಸೂರಿನಲ್ಲಿ ಇಳಿದು, ಶಾಲೆಯ ಗೇಟು ದಾಟಿ, ನಮ್ಮ ಪಿ.ಟಿ. ಸರ್ ಅವರನ್ನು ಮುತ್ತಿಕೊಂಡ ಮಕ್ಕಳನ್ನು ನೋಡಿದೆನೋ, ಮುಗಿಯಿತು. ಏನಾದರೊಂದು ಆಗಿಯೇ ಆಗುತ್ತದೆ. ಒಂದು ಶನಿವಾರವೂ ತಪ್ಪಿದ್ದಿಲ್ಲ.

ನಾನು ಇಲ್ಲಿನ ಒಂದು ಕ್ಯಾಥೊಲಿಕ್ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಮಿಸ್. ಶನಿವಾರ ನಮ್ಮಲ್ಲಿ ಪಾಠ ಇಲ್ಲ, ಬರೀ ಆಕ್ಟಿವಿಟಿ. ಡ್ರಾಯಿಂಗ್, ಕ್ರಾಫ್ಟ್, ಹಾಡು ಎಲ್ಲ ಒಳಗೆ. ಹೊರಗೆ ಮೈದಾನದಲ್ಲಿ ಎರಡೇ ಆಟ: ಪಿ.ಟಿ. ಸರ್ ಅವರ ಫುಟ್‌ಬಾಲ್, ನನ್ನ ಖೋ-ಖೋ. ಸಿಂಧನೂರಿನಲ್ಲಿ ಓದುವಾಗ ತಾಲ್ಲೂಕು ಟೀಮಿನಲ್ಲಿ ಆಡಿದ್ದೆ ಎಂದು ಒಮ್ಮೆ ಬಾಯಿಬಿಟ್ಟಿದ್ದಕ್ಕೆ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಇದನ್ನು ನನ್ನ ಕೊರಳಿಗೆ ಕಟ್ಟಿದರು. ಕಟ್ಟಿದ ಮೇಲೆ ಬಿಡಲಾಗಲಿಲ್ಲ. ನನ್ನ ಹತ್ತಿರ ಬರುವ ಮಕ್ಕಳಲ್ಲಿ ಹೆಚ್ಚಿನವರು ನಮ್ಮ ಕಲಬುರಗಿ, ರಾಯಚೂರು ಕಡೆಯಿಂದ ಬಂದು ಇಲ್ಲಿ ಬಾಡಿಗೆ ರೂಮುಗಳಲ್ಲಿ ಇರುವವರ ಮಕ್ಕಳು. ಫುಟ್‌ಬಾಲಿಗೆ ಬೂಟು ಬೇಕು, ಖೋ-ಖೋಗೆ ಕಾಲಿದ್ದರೆ ಸಾಕು. ಆ ಮಕ್ಕಳು ಓಡುವುದನ್ನು ನೋಡಿದರೆ ನನಗೆ ನನ್ನ ಮೊಣಕಾಲು ನೋವೇ ಮರೆತುಹೋಗುತ್ತದೆ.

ಈ ವರ್ಷ ಸಿಸ್ಟರ್ ಬಾಂಬು ಹಾಕಿದರು. ಅರ್ಧ ಮೈದಾನದಲ್ಲಿ ಹೊಸ ಕ್ಲಾಸ್‌ರೂಮುಗಳು ಬರುತ್ತವೆ. ಜೂನ್‌ನಿಂದ ಉಳಿದರ್ಧದಲ್ಲಿ ಒಂದೇ ಆಟ. ಯಾವುದು ಎಂದು ವರ್ಷದ ಕೊನೆಯ ಮ್ಯಾಚು ನೋಡಿ ಅವರೇ ಹೇಳುತ್ತಾರೆ. ಆವತ್ತಿನಿಂದ ನನಗೆ ಪಿ.ಟಿ. ಸರ್ ಅವರ ಟೋಪಿ ಕಂಡರೂ ಮೈ ಉರಿಯತೊಡಗಿತು.

ವಿಸಿಲ್

ಪಿ.ಟಿ. ಸರ್ ಬಾಯಿ ಬಿಟ್ಟು ಯಾರನ್ನೂ ಕರೆಯುವುದಿಲ್ಲ. ಒಂದು ಸಲ ವಿಸಿಲ್ ಊದುತ್ತಾರೆ, ಮಕ್ಕಳು ಎಲ್ಲಿದ್ದರೂ ಓಡಿ ಬಂದು ಅವರ ಮುಂದೆ ಸಾಲಾಗಿ ನಿಲ್ಲುತ್ತಾರೆ. ನಾನು "ಬರ್ರೋ, ಬರ್ರೇ" ಎಂದು ಗಂಟಲು ಹರಿದುಕೊಂಡರೂ ಅರ್ಧ ಜನ ನಲ್ಲಿಯ ಹತ್ತಿರ, ಅರ್ಧ ಜನ ನೇರಳೆ ಮರದ ಕೆಳಗೆ.

ಕೊನೆಗೆ ಶಿವಾಜಿನಗರಕ್ಕೆ ಹೋಗಿ ನಾನೂ ಒಂದು ವಿಸಿಲ್ ತಂದೆ. ಅವರದಕ್ಕಿಂತ ದೊಡ್ಡದು, ಫಳಫಳ ಹೊಳೆಯುವ ಸ್ಟೀಲಿನದು. ಶನಿವಾರ ಸೆರಗು ಸಿಕ್ಕಿಸಿಕೊಂಡು, ಮೈದಾನದ ನಡುವೆ ನಿಂತು, ಎದೆಯಲ್ಲಿದ್ದ ಉಸಿರನ್ನೆಲ್ಲ ಹಾಕಿ ಊದಿದೆ. ಏನು ಶಿಸ್ತು! ಇಡೀ ಮೈದಾನದ ಮಕ್ಕಳು ಮಾಡುತ್ತಿದ್ದ ಕೆಲಸ ಬಿಟ್ಟು ಓಡಿದರು. ನನ್ನ ಖೋ-ಖೋ ಮಕ್ಕಳೂ ಓಡಿದರು. ಓಡಿ ಹೋಗಿ, ಆ ಮೂಲೆಯಲ್ಲಿ ಟೀ ಕುಡಿಯುತ್ತ ಕೂತಿದ್ದ ಪಿ.ಟಿ. ಸರ್ ಮುಂದೆ ಸಾಲಾಗಿ ನಿಂತರು.

ಅವರು ಲೋಟ ಕೆಳಗಿಟ್ಟು, ನನ್ನ ಕಡೆ ಕೈಯೆತ್ತಿ, "ಥ್ಯಾಂಕ್ಸ್ ಮಿಸ್! ನಾನೇ ಊದ್ಬೇಕು ಅಂತಿದ್ದೆ, ಬಾಯಲ್ಲಿ ಬಿಸ್ಕೆಟ್ ಇತ್ತು" ಎಂದರು.

ಬಿರಿಯಾನಿ ಡಬ್ಬಿ

ಮಕ್ಕಳು ಹಾಗಾದರೆ ತಾಯಂದಿರು ಇನ್ನೊಂದು ಥರ. ನನ್ನ ಹತ್ತಿರ ಬಂದರೆ "ಮಿಸ್, ಒತ್ತಕ್ಷರ ಬರಲ್ಲ ಇವ್ನಿಗೆ, ಸ್ವಲ್ಪ ನೋಡಿ" ಎನ್ನುತ್ತಾರೆ. ಪಿ.ಟಿ. ಸರ್ ಹತ್ತಿರ ಹೋದರೆ ಕೈಯಲ್ಲಿ ಒಂದು ಡಬ್ಬಿ ಇರುತ್ತದೆ. ಕ್ರಿಸ್ಮಸ್‌ಗೆ ಕೇಕು, ಪೊಂಗಲ್‌ಗೆ ಪೊಂಗಲ್, ರಂಜಾನ್‌ಗೆ ಬಿರಿಯಾನಿ. ಎಲ್ಲ ಧರ್ಮದವರೂ ಸೇರಿ ಆ ಒಬ್ಬ ಮನುಷ್ಯನನ್ನು ಸಾಕುತ್ತಿದ್ದಾರೆ.

ಈ ಸಲ ರಂಜಾನ್ ಮುಗಿದ ಮೇಲಿನ ಶನಿವಾರ ಒಬ್ಬ ತಾಯಿ ಬಂದರು. ಡಬ್ಬಿ ಮುಚ್ಚಿದ್ದರೂ ಘಮ ಸ್ಟಾಫ್ ರೂಮ್ ತುಂಬಿತು. "ಪಿ.ಟಿ. ಸರ್ ಗ್ರೌಂಡಲ್ಲಿದ್ದಾರೆ, ಇದನ್ನ ಕೊಡ್ತೀರಾ ಮಿಸ್? ಸ್ಟಾಫ್ ಎಲ್ರಿಗೂ ಆಗುತ್ತೆ" ಎಂದು ನನ್ನ ಕೈಗೇ ಕೊಟ್ಟರು. ಎಲ್ಲರಿಗೂ ಎಂದ ಮೇಲೆ ನಾನೂ ಬಂದೆನಲ್ಲ. ಸಂತೋಷದಿಂದ ಎರಡು ತಟ್ಟೆ ತೊಳೆದಿಟ್ಟು ಕಾದೆ.

ಪಿ.ಟಿ. ಸರ್ ಬಂದರು, ಮುಚ್ಚಳ ತೆಗೆದರು, ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದುಕೊಂಡರು. ಆಮೇಲೆ ನನ್ನ ಮುಖ ನೋಡಿ ಗಾಬರಿಯಾಗಿ, "ಅಯ್ಯೋ ಸಾರಿ ಮಿಸ್, ನಿಮ್ಗೆ ಸ್ಮೆಲ್ ಆಗಲ್ಲ ಅಲ್ವಾ" ಎಂದು ಡಬ್ಬಿ ಎತ್ತಿಕೊಂಡು ಹೊರಗೆ ಹೊರಟೇಬಿಟ್ಟರು. ಕನ್ನಡ ಮಿಸ್ ಎಂದರೆ ಸಸ್ಯಾಹಾರಿ ಎಂದು ಈ ಮನುಷ್ಯನಿಗೆ ಹೇಳಿದವರು ಯಾರೋ! ನಮ್ಮ ಮನೆಯಲ್ಲಿ ಭಾನುವಾರ ಕೋಳಿ ಕೊಯ್ಯದಿದ್ದರೆ ನನ್ನ ಗಂಡ ಅದನ್ನು ಸೋಮವಾರ ಎಂದೇ ತಿಳಿಯುತ್ತಾರೆ. ಅದನ್ನು ಹೇಳಲು ಮರ್ಯಾದೆ ಅಡ್ಡ ಬಂತು. ಸುಮ್ಮನೆ ನನ್ನ ಡಬ್ಬಿ ತೆರೆದೆ. ಕರ್ಮಕ್ಕೆ ಅವತ್ತು ಪಡವಲಕಾಯಿ ಪಲ್ಯ.

ಕಂಬದ ಹೊರಳು

ಮ್ಯಾಚಿಗೆ ಮೊದಲು ಇನ್ನಷ್ಟು ಮಕ್ಕಳನ್ನು ಸೆಳೆಯಬೇಕಿತ್ತು. ಹೇಳಿದರೆ ಯಾರು ಬರುತ್ತಾರೆ, ಆಡಿ ತೋರಿಸೋಣ ಎಂದುಕೊಂಡೆ. ಸೀರೆಯ ಕೆಳಗೆ ಟ್ರ್ಯಾಕ್ ಪ್ಯಾಂಟ್ ಹಾಕಿ, ಕಚ್ಚೆಯ ಹಾಗೆ ಬಿಗಿದುಕೊಂಡು, ಓಡಿ ಬಂದು ಒಂದು ಕೈಯಲ್ಲಿ ಕಂಬ ಹಿಡಿದು, ಮೈಯನ್ನು ನೆಲಕ್ಕೆ ಚಾಚಿ ಹಾರಿ, ಓಡುತ್ತಿದ್ದ ಹುಡುಗಿಯ ಹಿಮ್ಮಡಿ ಮುಟ್ಟಿದೆ. ಎಷ್ಟೋ ವರ್ಷದ ಮೇಲೆ ಹಾರಿದ್ದು. ಫುಟ್‌ಬಾಲ್ ಮಕ್ಕಳೆಲ್ಲ ಆಟ ನಿಲ್ಲಿಸಿ ಬಂದು ಚಪ್ಪಾಳೆ ಹೊಡೆದರು. ಪಿ.ಟಿ. ಸರ್ ಕೂಡ ಬಾಯಿ ತೆರೆದುಕೊಂಡು ನಿಂತಿದ್ದರು. ಆ ಬಾಯಿ ನೋಡಿ ನನಗೆ ಮೊಣಕೈ ತರಚಿದ್ದೂ ಗೊತ್ತಾಗಲಿಲ್ಲ.

"ಎನ್ನ ಡೈವ್ ಮಿಸ್!" ಎಂದರು, ಖುಷಿಗೆ ಅವರ ಬಾಯಲ್ಲಿ ಮನೆಯ ತಮಿಳೇ ಬಂದಿತ್ತು. "ಸತ್ಯವಾಗ್ಲೂ ಸೂಪರ್!"

ನಾನು ಮಣ್ಣು ಕೊಡವಿಕೊಳ್ಳುತ್ತ, ಇರಲಿ ಬಿಡಿ ಎನ್ನುವ ಹಾಗೆ ನಕ್ಕೆ.

"ಒಂದ್ ಹೆಲ್ಪ್ ಮಾಡಿ ಮಿಸ್. ನಮ್ ಗೋಲ್‌ಕೀಪರ್‌ಗೆ ಇದನ್ನ ಸ್ವಲ್ಪ ಹೇಳ್ಕೊಡಿ."

ಪಾಪನಿವೇದನೆ

ನನ್ನ ಟೀಮಿನಲ್ಲಿ ನಾಲ್ಕನೇ ಕ್ಲಾಸಿನ ಒಬ್ಬ ಹುಡುಗನಿದ್ದ. ಜಿಂಕೆಯ ಓಟ ಅವನದು. ಅವನು ಎರಡು ಶನಿವಾರ ಕಾಲುನೋವು ಎಂದು ಬರಲಿಲ್ಲ. ಮೂರನೇ ಶನಿವಾರ ತಾನಾಗಿಯೇ ಬಂದು ನನ್ನ ಮುಂದೆ ತಲೆ ತಗ್ಗಿಸಿ ನಿಂತ.

"ಮಿಸ್, ನಂಗೆ ಕಾಲುನೋವು ಇರ್ಲಿಲ್ಲ. ಸುಳ್ಳು ಹೇಳಿ ಫುಟ್‌ಬಾಲ್‌ಗೆ ಹೋಗಿದ್ದೆ."

ನನಗೆ ರೇಗಿತು. ಆದರೂ ತಾನಾಗಿ ಒಪ್ಪಿಕೊಂಡನಲ್ಲ ಎಂದು ಮನಸ್ಸು ಕರಗಿತು. "ಈಗ್ಯಾಕೆ ಹೇಳ್ತಿದೀಯೋ?" ಎಂದೆ.

ಅವನಿಗೆ ಆ ವಾರ ಚರ್ಚಿನಲ್ಲಿ ಮೊದಲ ಪಾಪನಿವೇದನೆ ಇತ್ತಂತೆ. ಮಕ್ಕಳು ಒಬ್ಬೊಬ್ಬರಾಗಿ ಹೋಗಿ ಫಾದರ್ ಕಿವಿಯಲ್ಲಿ ತಮ್ಮ ತಪ್ಪು ಹೇಳಿಕೊಳ್ಳಬೇಕು. ಇವನಿಗೆ ಬೇರೆ ಯಾವ ಪಾಪವೂ ನೆನಪಾಗದೆ ಇದನ್ನೇ ಹೇಳಿದನಂತೆ. ಸದ್ಯ, ದೇವರ ಮನೆಯಲ್ಲಾದರೂ ನನ್ನ ಪರ ಮಾತಾಡುವವರು ಒಬ್ಬರಿದ್ದಾರೆ ಎಂದು ಸಮಾಧಾನವಾಯಿತು.

"ಒಳ್ಳೇದಾಯ್ತು. ಖೋ-ಖೋ ಮಿಸ್‌ಗೆ ಸುಳ್ಳು ಹೇಳ್ದೆ ಅಂದಾಗ ಫಾದರ್ ಏನಂದ್ರು?"

"ಯಾವ ಪೊಸಿಷನ್ ಆಡ್ತೀಯ ಅಂತ ಕೇಳಿದ್ರು ಮಿಸ್."

ಹನ್ನೆರಡರ ಗಂಟೆ

ಕೊನೆಗೆ ಆ ಮ್ಯಾಚು ಬಂತು. ಕೆ.ಆರ್. ಪುರಂ ಕಡೆಯ ಒಂದು ಶಾಲೆಯ ಮಕ್ಕಳು ನಮ್ಮಲ್ಲಿಗೆ ಬಂದು ಎರಡೂ ಆಟ ಆಡುವುದೆಂದು ನಿಶ್ಚಯ. ಬೆಳಿಗ್ಗೆ ಬೇಗ ಶುರುವಾಗಬೇಕಿತ್ತು. ಅವರ ವ್ಯಾನು ಟಿನ್ ಫ್ಯಾಕ್ಟರಿ ಹತ್ತಿರ ಸಿಕ್ಕಿಕೊಂಡು, ಬಂದಾಗ ಬಿಸಿಲು ನೆತ್ತಿಗೆ ಬಂದಿತ್ತು. ಸಮಯ ಸಾಲದೆಂದು ಮೈದಾನದ ಆ ಕಡೆ ಫುಟ್‌ಬಾಲ್, ಈ ಕಡೆ ಖೋ-ಖೋ ಒಟ್ಟಿಗೇ ಶುರು ಮಾಡಿದೆವು. ಅತಿಥಿಗಳಲ್ಲವೇ ಎಂದು ಎರಡು ಕಡೆಯೂ ಅಂಪೈರ್ ಕೆಲಸವನ್ನು ಅವರ ಟೀಚರುಗಳಿಗೇ ಬಿಟ್ಟೆವು.

ನನ್ನ ಮಕ್ಕಳು ಅವತ್ತು ಮೈಮೇಲೆ ಬಂದವರ ಹಾಗೆ ಆಡಿದರು. ಕೊನೆಯ ಸರದಿ. ಅವರು ಅಟ್ಟಿಸಿಕೊಂಡು ಬರುವವರು, ನಮ್ಮ ಕೊನೆಯ ಮೂವರು ತಪ್ಪಿಸಿಕೊಳ್ಳುವವರು. ಇನ್ನೊಂದೇ ನಿಮಿಷ ಸಿಕ್ಕಿಬೀಳದೆ ಓಡಿದರೆ ಗೆಲುವು ನಮ್ಮದು. ಆದರೆ ಆ ಕಡೆಯಿಂದ ಕೂಗು ಕೇಳಿತು. ನೋಡಿದರೆ ಫುಟ್‌ಬಾಲ್ ಟೀಮೂ ಒಂದು ಗೋಲು ಮುಂದಿದೆ. ಇಬ್ಬರೂ ಗೆದ್ದರೆ ಸಿಸ್ಟರ್ ಯಾರಿಗೆ ಕೊಡುತ್ತಾರೆ ಎಂಬುದು ನನಗೆ ಗೊತ್ತಿಲ್ಲವೇ?

ಅಷ್ಟರಲ್ಲಿ ಚರ್ಚಿನ ಗಂಟೆ ಹನ್ನೆರಡು ಹೊಡೆಯಿತು.

ನಮ್ಮ ಶಾಲೆಯಲ್ಲಿ ಒಂದು ಪದ್ಧತಿ. ಮಧ್ಯಾಹ್ನದ ಈ ಗಂಟೆ ಹೊಡೆದರೆ ಯಾರು ಎಲ್ಲಿದ್ದರೂ ಅಲ್ಲೇ ನಿಂತು, ಮೇರಿ ಮಾತೆಯ ಪ್ರತಿಮೆ ಇಟ್ಟಿರುವ ಕಲ್ಲಿನ ಗವಿಯ ಕಡೆ ತಿರುಗಿ, ಕೈಮುಗಿದು ಪ್ರಾರ್ಥನೆ ಹೇಳಬೇಕು. ಯಾವ ಜಾತಿ, ಯಾವ ಧರ್ಮದ ಮಗುವಾದರೂ ಅಷ್ಟೇ. ಎಲ್‌ಕೆಜಿಯಿಂದ ಬಂದ ಅಭ್ಯಾಸ, ತಲೆ ಯೋಚಿಸುವ ಮೊದಲೇ ಕೈ ಮುಗಿದಿರುತ್ತದೆ. ಆ ಗವಿ ಇರುವುದು ನಮ್ಮ ಗೋಲ್‌ಪೋಸ್ಟಿನ ನೇರ ಹಿಂದೆ.

ನಮ್ಮ ಗೋಲ್‌ಕೀಪರ್ ಮೈದಾನಕ್ಕೆ ಬೆನ್ನು ಹಾಕಿ, ಗವಿಯ ಕಡೆ ತಿರುಗಿ, ಕಣ್ಣು ಮುಚ್ಚಿ ಕೈಮುಗಿದ. ಉಳಿದ ಆಟಗಾರರೂ ಕಂಬದಂತೆ ನಿಂತರು. ಬಂದ ಮಕ್ಕಳಿಗೆ ಇದೇನು ಗೊತ್ತು? ಚೆಂಡು ಕಾಲಲ್ಲಿದ್ದ ಹುಡುಗ ತಬ್ಬಿಬ್ಬಾಗಿ ಅವರ ಮಾಸ್ತರ ಮುಖ ನೋಡಿದ. "ನೋಡ್ತೀಯೇನೋ, ಹೊಡಿ ಮಗಾ!" ಎಂದರು ಅವರು. ಗೋಲು! ಹುಡುಗ ತಾನೇ ಹೋಗಿ ಗೋಲ್‌ಕೀಪರ್ ಕಾಲ ಸಂದಿಯಿಂದ ಚೆಂಡು ತೆಗೆದು, ನಡುವೆ ತಂದಿಟ್ಟ. ನಮ್ಮವರು ಯಾರೂ ಮುಟ್ಟದಿದ್ದಾಗ ಮತ್ತೆ ಹೊಡೆದ. ಇನ್ನೊಂದು ಗೋಲು! ಪಿ.ಟಿ. ಸರ್ ಗೆರೆಯ ಹತ್ತಿರ ಕೈಮುಗಿದು ನಿಂತಿದ್ದರು. ಒಂದು ಕಣ್ಣು ಮುಚ್ಚಿತ್ತು, ಇನ್ನೊಂದು ತೆರೆದಿತ್ತು.

ನಾನೂ ಗವಿಯ ಕಡೆ ತಿರುಗಿ ಕೈಮುಗಿದಿದ್ದೆ. ಅಮ್ಮಾ ತಾಯೀ, ಪ್ರಾರ್ಥನೆ ಸ್ವಲ್ಪ ನಿಧಾನವಾಗಿ ಸಾಗಲಿ, ಇನ್ನೊಂದೇ ಒಂದು ಗೋಲು ಎಂದು ಮನಸ್ಸಿನಲ್ಲೇ ಕೇಳಿಕೊಂಡೆ. ಅವಳು ಅದನ್ನೂ ಕೊಟ್ಟಳು.

ಆಮೆನ್ ಎಂದು ಹೇಳಿ ಹಗುರವಾಗಿ ನನ್ನ ಕಡೆಗೆ ತಿರುಗಿದೆ. ನನ್ನ ಮೂವರು ಮಕ್ಕಳೂ ಕೈಮುಗಿದು ನಿಂತಲ್ಲೇ ಔಟಾಗಿದ್ದರು. ಅವರನ್ನು ಮುಟ್ಟಿದ ಪುಟ್ಟ ಹುಡುಗಿ ನನ್ನ ಹತ್ತಿರ ಬಂದು, "ಮಿಸ್, ಇವ್ರು ಓಡ್ತಾನೇ ಇಲ್ಲ. ಹುಷಾರಿಲ್ವಾ?" ಎಂದು ಕೇಳಿದಳು.

ಎರಡೂ ಮ್ಯಾಚು ಹೋಯಿತು. ನಾನು, ಪಿ.ಟಿ. ಸರ್ ತಲೆ ತಗ್ಗಿಸಿ ಸಿಸ್ಟರ್ ಮುಂದೆ ನಿಂತೆವು. ಗವಿಯ ಪಕ್ಕದ ಜಗಲಿಯಿಂದ ಎಲ್ಲವನ್ನೂ ನೋಡಿದ್ದ ಸಿಸ್ಟರ್ ಮುಖದಲ್ಲಿ ಬೇಸರವೇ ಇಲ್ಲ. ಅವರು ಮಂಗಳೂರು ಕಡೆಯವರು.

"ಸೋತರೆ ಸೋಲಲಿ ಮಾರಾಯ್ರೆ, ಒಂದು ಮಗುವೂ ಅಲುಗಾಡಲಿಲ್ಲ! ಆದರೆ ಸರ್, ನಿಮ್ಮ ಒಂದು ಕಣ್ಣು ತೆರೆದಿತ್ತು. ನಾನು ನೋಡಿದೆ." ಆಮೇಲೆ ನನ್ನ ಕೈ ಹಿಡಿದುಕೊಂಡರು. "ಈ ಮಿಸ್ ಮುಖ ನೋಡಬೇಕಿತ್ತು ನೀವು. ಮಾತೆಯನ್ನೇ ನೋಡುತ್ತಾ, ಎಂಥ ಆನಂದ! ಇಷ್ಟು ವರ್ಷ ಕಾನ್ವೆಂಟಿನಲ್ಲಿದ್ದೇನೆ, ಇಂಥ ಭಕ್ತಿ ನಾನು ಕಂಡಿಲ್ಲ. ಮೈದಾನ ಖೋ-ಖೋಗೆ."

ನನಗೆ ಕಣ್ಣಲ್ಲಿ ನೀರು ಬಂತು. ಸಿಸ್ಟರ್ ಅದನ್ನೂ ಭಕ್ತಿ ಎಂದೇ ತಿಳಿದು ಹೋದರು.

ಪಿ.ಟಿ. ಸರ್ ಮಾತ್ರ ಹೋಗಲಿಲ್ಲ. ಟೋಪಿ ತೆಗೆದು, ತಲೆ ಕೆರೆದುಕೊಂಡು, ನಿಧಾನವಾಗಿ ಹೇಳಿದರು: "ಕಂಗ್ರಾಟ್ಸ್ ಮಿಸ್. ನನ್ ಕಣ್ಣು ಒಂದು ತೆರೆದಿತ್ತು ನಿಜ. ಆ ಕಣ್ಣಲ್ಲಿ ನೋಡ್ದೆ, ನೀವು ನೋಡ್ತಿದ್ದಿದ್ದು ಮಾತೆಯನ್ನಲ್ಲ, ಕೆಳಗಿರೋ ಗೋಲ್‌ಪೋಸ್ಟನ್ನ."

"ಸಿಸ್ಟರ್‌ಗೆ ಹೇಳ್ತೀರಾ?" ಎಂದೆ.

"ಛೆ, ಯಾಕ್ ಮಿಸ್? ಇಬ್ರೂ ಹಂಚ್ಕೊಳ್ಳೋಣ ಅಂತ ನೀವೇ ಹೋಗಿ ಸಿಸ್ಟರ್‌ಗೆ ಹೇಳಿ, ಇನ್ನೂ ಖುಷಿ ಪಡ್ತಾರೆ. ಶನಿವಾರ ಹತ್ತರಿಂದ ಹನ್ನೊಂದೂವರೆ ನಮ್ಗೆ. ಹನ್ನೊಂದೂವರೆಯಿಂದ ಒಂದು ಗಂಟೆ ನಿಮ್ಗೆ."

"ನನಗ್ಯಾಕೆ ಆ ಬಿಸಿಲ ಹೊತ್ತು?"

"ಗಂಟೆ ಹೊಡೆಯೋ ಟೈಮಲ್ಲಿ ನಿಮ್ಗೇ ಅಲ್ವಾ ಮಿಸ್, ಭಕ್ತಿ ಜಾಸ್ತಿ ಬರೋದು!"