ಇಬ್ಬರು ಕೊಟ್ರಪ್ಪಂದಿರು, ಒಂದು ಎಡೆ

ಅಥವಾ ಅದು ಮೈಕ್ ಆಗಿರಲಿಲ್ಲವೇನೋ. ತೊಂಬತ್ತರ ದಶಕದ ಕೊನೆಯಲ್ಲಿ ಕೂಡ್ಲಿಗಿ ಬಸ್ ನಿಲ್ದಾಣದಲ್ಲಿ ಮೈಕ್ ಇತ್ತೇ? ಮಾವ ಬರಿಗಂಟಲಲ್ಲೇ ಕೂಗಿರಬಹುದು. ನನ್ನ ತಲೆಯೊಳಗೆ ಮಾತ್ರ ಅವನ ದನಿ ಇಂದಿಗೂ ಮೈಕಿನಿಂದಲೇ ಬರುತ್ತದೆ: "ಹರಪನಹಳ್ಳಿಗೆ ಹೋಗೋರು ಲಗೂನ ಹತ್ರಿ, ಲಂಗರು ಎತ್ತಾಕತ್ತಾರ!" ಇದನ್ನು ನಾನೇ ಕೇಳಿದೆನೋ, ಅತ್ತೆ ಹೇಳಿ ಹೇಳಿ ನನ್ನದಾಯಿತೋ, ಆಣೆ ಮಾಡಲಾರೆ. ಒಂದನ್ನು ಮಾತ್ರ ಧೈರ್ಯವಾಗಿ ಹೇಳಬಲ್ಲೆ. ಸುತ್ತಲಿನ ಐದು ತಾಲೂಕುಗಳಲ್ಲಿ ಹಡಗಿನ ಬಗ್ಗೆ ನಮ್ಮ ಸೋದರಮಾವನಷ್ಟು ಮಾತಾಡಿದವರು ಇನ್ನೊಬ್ಬರಿರಲಿಲ್ಲ, ಮತ್ತು ಅವನು ಸಮುದ್ರವನ್ನೇ ಕಂಡಿರಲಿಲ್ಲ!

ಬಸ್ಸುಗಳು ಬಂದ ಹೊತ್ತು, ಹೊರಟ ಹೊತ್ತು ಬರೆದಿಡುವುದು ಅವನ ಕೆಲಸ. ಚಿಂತೆಯೆಲ್ಲ ಹಡಗಿನದು. ಮೀನುಗಾರರು ಸಮುದ್ರಕ್ಕೆ ಇಳಿಯಬಾರದೆಂದು ರೇಡಿಯೋದಲ್ಲಿ ಎಚ್ಚರಿಕೆ ಬಂದ ದಿನ ಅವನು ಸ್ನಾನ ಮಾಡುತ್ತಿರಲಿಲ್ಲ.

"ಬಚ್ಚಲದಾಗ ಏನ್ ತೆರಿ ಏಳ್ತಾವೇನ್ರಿ?" ಎಂದು ಅತ್ತೆ ಕೇಳಿದರೆ, "ಮರ್ಯಾದಿ ಅನ್ನೋದು ಒಂದೈತಲ್ಲ" ಎನ್ನುತ್ತಿದ್ದ. ಯಾರ ಮರ್ಯಾದೆ? ಅರಬ್ಬೀ ಸಮುದ್ರದ್ದೇ? ಈ ಬಯಲುಸೀಮೆಗೂ ಹಡಗಿಗೂ ಎತ್ತಣ ನಂಟೆಂದು ಯಾರಾದರೂ ನಕ್ಕರೆ, "ಹಂಗಾರ ನಮ್ಮ ಹಡಗಲಿ ಊರಿಗೆ ಆ ಹೆಸರು ಯಾರು ಇಟ್ರು, ನಿಮ್ಮಪ್ಪಾ?" ಎಂದು ಬಾಯಿ ಮುಚ್ಚಿಸುತ್ತಿದ್ದ.

ಹುಚ್ಚಿನ ಮೂಲ ಅವನ ತಾಯಿಯ ಅಪ್ಪ. ತಾಯಿ ಎಂದರೆ ನಮ್ಮ ಅಜ್ಜಿ. ಅವಳು ನಾಲ್ಕು ವರ್ಷದ ಕೂಸಾಗಿದ್ದಾಗ ಆತ ಕೊಟ್ಟೂರಿನಿಂದ ಮುಂಬೈಗೆ ಹೋಗಿ, ಸರಕಿನ ಹಡಗಿನಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹಾಕುವ ಕೆಲಸ ಹಿಡಿದ. ಒಂದು ಕಾಗದ ಬಂತು. ಆಮೇಲೆ ಕಾಗದವೂ ಇಲ್ಲ, ಆತನೂ ಇಲ್ಲ. ಅಜ್ಜಿಗೆ ಅಪ್ಪನ ಬಗ್ಗೆ ಉಳಿದದ್ದು ಒಂದೇ ನೆನಪು. ಆತನ ಹೆಗಲ ಮೇಲೆ ಕೂತು, ಎರಡೂ ಕಿವಿ ಹಿಡಿದುಕೊಂಡು, ಸಂತೆಗೆ ಹೋದದ್ದು.

ತೊಡಕು ಹುಟ್ಟುತ್ತಿದ್ದುದು ವರ್ಷಕ್ಕೊಮ್ಮೆ, ಮಾರ್ನಮಿ ಅಮಾವಾಸ್ಯೆಗೆ. ಅಂದು ನಮ್ಮಲ್ಲಿ ತೀರಿಕೊಂಡ ಹಿರಿಯರಿಗೆಲ್ಲ ಎಡೆ ಇಡುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಎಲೆ, ಎಲೆಯ ಮೇಲೆ ಅವರವರಿಗೆ ಇಷ್ಟವಾದದ್ದು. ಮುತ್ತಜ್ಜಿಯ ಎಲೆಯಲ್ಲಿ ಹೋಳಿಗೆಯ ಪಕ್ಕ ಹೊಗೆಸೊಪ್ಪು ಇರಲೇಬೇಕು! ಅಜ್ಜಿ ಒಬ್ಬಳೇ ಮಗಳಾದ್ದರಿಂದ ತವರಿನ ಹಿರಿಯರೂ ಅವಳ ಪಾಲಿಗೇ ಬಂದಿದ್ದರು, ಅಪ್ಪನೊಬ್ಬನನ್ನು ಬಿಟ್ಟು. ಸತ್ತ ಸುದ್ದಿ ಬಾರದವನಿಗೆ ಎಡೆ ಇಡುವುದು ಹೇಗೆ?

"ಅವ್ವಾ, ಬದುಕಿದ್ರ ಆತಗ ನೂರು ದಾಟಿರಬೇಕು" ಎಂದು ಮಾವ ಲೆಕ್ಕ ಹೇಳಿದರೆ, ಅಜ್ಜಿ, "ದಾಟಿರ್ಲಿ. ಅವನ ಆಯುಷ್ಯ ಅವಂದು. ಎಡಿ ಇಟ್ಟು ಕೊಲ್ಲಾಕ ನಾವ್ಯಾರು?" ಎನ್ನುತ್ತಿದ್ದಳು.

ಒಂದು ವರ್ಷ ಯುಗಾದಿಯ ಹೊತ್ತಿಗೆ ಅಜ್ಜಿ ಹಾಸಿಗೆ ಹಿಡಿದಳು. "ಲೇ ತಮ್ಮಾ, ನಾ ಇರೋದ್ರಾಗ ಒಂದು ಗೊತ್ತು ಮಾಡು. ನಾ ಹೋದ ಮ್ಯಾಲ ಅಪ್ಪನ ಹೆಸರು ಹಿಡಿಯೋರು ಯಾರದಾರ?" ಎಂದಳು. ಅಂದಿನಿಂದ ಮಾವನ ಹಡಗು ತಮಾಷೆಯಾಗಿ ಉಳಿಯಲಿಲ್ಲ. ಮುಂಬೈನ ಹಡಗು ಕಚೇರಿಗೆ ಕಾಗದದ ಮೇಲೆ ಕಾಗದ ಬರೆದ. ಬರೆದವನು ನಾನು, ಏಕೆಂದರೆ ಕೊಟ್ಟೂರಿನ ಕಾಲೇಜಿನಲ್ಲಿದ್ದ ನನಗೆ ಇಂಗ್ಲಿಷ್ ಬರುತ್ತದೆಂದು ಮನೆಯವರು ನಂಬಿದ್ದರು. ಹೆಸರು ಕೊಟ್ರಪ್ಪ, ತಂದೆ ಬಸಪ್ಪ, ಊರು ಕೊಟ್ಟೂರು. "ಇದಕ್ಕಿಂತ ಪಕ್ಕಾ ವಿವರ ಯಾರು ಕೊಡ್ತಾರ, ಅಳಿಯಾ?" ಎಂದು ಮಾವ ಬೀಗಿದ. ಕೊಟ್ಟೂರಿನ ಸಂತೆಯಲ್ಲಿ ನಿಂತು "ಕೊಟ್ರಪ್ಪಾ" ಎಂದರೆ ಅರ್ಧ ಸಂತೆ ತಿರುಗಿ ನೋಡುತ್ತದೆ. ಊರ ದೇವರ ಹೆಸರನ್ನು ಮನೆಗೊಬ್ಬರಂತೆ ಹಂಚಿಕೊಂಡವರು ನಾವು. ಇದು ನಮ್ಮಿಬ್ಬರಿಗೂ ಹೊಳೆಯಲಿಲ್ಲ!

ಅಮಾವಾಸ್ಯೆಗೆ ಆರು ದಿನವಿರುವಾಗ ಉತ್ತರ ಬಂತು. ಲಕೋಟೆಯೊಳಗೆ ಎರಡು ಹಾಳೆ, ಇಬ್ಬರು ಕೊಟ್ರಪ್ಪಂದಿರು. ಇಬ್ಬರದೂ ಕೊಟ್ಟೂರು, ಇಬ್ಬರಿಗೂ ಬಸಪ್ಪನೇ ಅಪ್ಪ, ಇಬ್ಬರೂ ಬಾಯ್ಲರ್ ಕೆಲಸದವರು. ಒಬ್ಬ ಐದು ಸಲ ಹಡಗು ಹತ್ತಿ, ಐದನೆಯ ಸಲ ಜ್ವರದಲ್ಲಿ ಸತ್ತು, ಸಮುದ್ರದ ಪಾಲಾಗಿದ್ದ. ಗುರುತು: ಬಲಗೈ ಮೇಲೆ ಸುಟ್ಟ ಕಲೆ. ಇನ್ನೊಬ್ಬ ಎರಡನೆಯ ಪಯಣದಲ್ಲೇ ಯಾವುದೋ ಪರದೇಶದ ಬಂದರಿನಲ್ಲಿ ಇಳಿದು ಹೋದವನು ಹಡಗಿಗೆ ಮರಳಿರಲಿಲ್ಲ. ಗುರುತು: ಹರಿದ ಎಡಗಿವಿ.

ಮಾವ ಎರಡನೆಯ ಹಾಳೆಯ ಮೇಲೆ ಬೆರಳಿಟ್ಟ. "ನನ್ನ ಪುಸ್ತಕದಾಗ ಬಂದ ಹೊತ್ತು ಖಾಲಿ ಇದ್ರ ಬಸ್ ಇನ್ನೂ ಬಂದಿಲ್ಲ ಅಂತ ಅಷ್ಟ, ಬಸ್ಸ ಇಲ್ಲ ಅಂತ ಅಲ್ಲ. ಆದ್ರ ಅಳಿಯಾ, ಅಪ್ಪ ಸತ್ತ ಅಂದ್ರ ಅವ್ವ ಅತ್ತು ಸುಮ್ನಾಗತಾಳ. ಬಿಟ್ಟು ಹೋದ ಅಂದ್ರ?"

ಐದು ದಿನ ಆ ಲಕೋಟೆ ಅವನ ಅಂಗಿಯ ಜೇಬಿನಲ್ಲೇ ಓಡಾಡಿತು. ಅಷ್ಟರಲ್ಲಿ ಹಗರಿಬೊಮ್ಮನಹಳ್ಳಿಯ ಒಂದೇ ಬಸ್ಸು ಒಂದೇ ಹೊತ್ತಿಗೆ ಎರಡು ಸಲ ಹೊರಟಿತೆಂದು ಬರೆದು ಮೇಲಿನವರಿಂದ ಬೈಸಿಕೊಂಡ. ಅಮಾವಾಸ್ಯೆಯ ಮುಂಚಿನ ಮಧ್ಯಾಹ್ನ ಅಜ್ಜಿಯ ಹಾಸಿಗೆಯ ಪಕ್ಕ ಕೂತೆವು. ಯಾವ ಗುರುತಿನವನು ಏನಾದನೆಂದು ಬಾಯಿಬಿಟ್ಟರೆ ನಾಲಿಗೆ ಕೀಳುತ್ತೇನೆಂದು ನನಗೆ ಮೊದಲೇ ತಾಕೀತಾಗಿತ್ತು.

"ಅವ್ವಾ, ನಿಮ್ಮಪ್ಪನ ಮೈಮ್ಯಾಲ ಏನರ ಗುರ್ತು ಇತ್ತೇನು? ಕೈಗೆ... ಕಿವಿಗೆ..."

"ಯಾಕ, ಪೊಲೀಸರು ಹುಡುಕಾಕತ್ತಾರೇನು?"

ಅಜ್ಜಿ ಮಾವನ ಜೇಬು ನೋಡಿದಳು. "ಎಷ್ಟು ಮಂದಿ ಸಿಕ್ಕಾರ?"

"ಇಬ್ರು."

"ಕೊಟ್ಟೂರಾಗ ಹುಡುಕಿದ್ರ ಇನ್ನೂ ಸಿಗತಿದ್ರು. ಸತ್ತಾಂವ ಯಾರು?"

ಮಾವ ಗೋಡೆ ನೋಡಿದ. ನಾನೇ ಹೇಳಿಬಿಟ್ಟೆ: "ಕೈ ಸುಟ್ಟಾಂವ, ಅಜ್ಜಿ. ಕಿವಿ ಹರಿದಾಂವ ಪರದೇಶದಾಗ ಇಳಿದು ಹೋದ. ತಿರುಗಿ ಬರಲಿಲ್ಲ."

ಮಾವ ನನ್ನ ನಾಲಿಗೆ ಕೀಳಲಿಲ್ಲ. ಅಜ್ಜಿ ಕಣ್ಣು ಮುಚ್ಚಿದಳು. ಅವಳ ಎಡಗೈ ನಿಧಾನವಾಗಿ ಮೇಲೆದ್ದು, ತನ್ನದೇ ಕಿವಿಯ ಹತ್ತಿರ ಹೋಗಿ, ಅಲ್ಲೇ ಸ್ವಲ್ಪ ಹೊತ್ತು ನಿಂತಿತು.

"ನನಗ ನೆನಪಿಲ್ಲೋ ತಮ್ಮಾ" ಎಂದಳು. ಆಮೇಲೆ, "ನಾಳಿಗೆ ಒಂದು ಎಲಿ ಹೆಚ್ಚಿಗೆ ಹಾಕು. ಆ ಕೈ ಸುಟ್ಟಾಂವಗ."

"ಆತ ನಮ್ಮಾಂವ ಅಲ್ಲದಿದ್ರ, ಅವ್ವಾ?"

"ಅವನ ಮನ್ಯಾಗೂ ಒಂದು ಕೂಸು ಹಾದಿ ಕಾದಿರಬೇಕಲ್ಲೋ. ಅದಕ್ಕ ಯಾರೂ ಹೇಳಿರಾಕಿಲ್ಲ."

"ಆತಗ ಏನು ಇಷ್ಟ ಇತ್ತೋ, ಏನಿಡೋದು?"

"ಬೆಂಕಿ ಮುಂದ ದುಡಿದಾನ. ಹೋಳಿಗಿ ಆಮ್ಯಾಲ. ಮೊದ್ಲು ತಣ್ಣನ ಮಜ್ಜಿಗಿ ಇಡು."

ಮರುದಿನ ಮಾವ ಬೆಳಿಗ್ಗೆಯೇ ಸ್ನಾನ ಮಾಡಿದ. ರೇಡಿಯೋ ಏನು ಹೇಳಿತೋ, ಯಾರೂ ಹಚ್ಚಲಿಲ್ಲ. ಕೊನೆಯ ಎಲೆಯ ಮುಂದೆ ಮಜ್ಜಿಗೆ ತುಂಬಿದ ತಂಬಿಗೆ ಇಟ್ಟು, ಅದು ಬಿಸಿಯಾಗುತ್ತದೆಂದು ಎರಡು ಸಲ ಬದಲಾಯಿಸಿದ. ಇನ್ನೊಬ್ಬ ಕೊಟ್ರಪ್ಪನಿಗೆ ಏನನ್ನೂ ಇಡಲಿಲ್ಲ. ಆತ ಇನ್ನೂ ಬರಬೇಕಾದವನು.

ಮುಂದಿನ ಅಮಾವಾಸ್ಯೆಗೆ ಅಜ್ಜಿಯದೂ ಒಂದು ಎಲೆ ಹಾಕಿದೆವು.

ಅಜ್ಜಿಯ ಕೈ ಕಿವಿಗೆ ಹೋದದ್ದು ನಿಜವೋ, ಅವಳು ಬರೀ ಸೆರಗು ಸರಿಮಾಡಿಕೊಂಡಳೋ? ಮಾವನನ್ನು ಕೇಳಿದ್ದೇನೆ, ಅವನು ಗೋಡೆ ನೋಡುತ್ತಿದ್ದನಂತೆ. ಹೆಗಲ ಮೇಲಿನ ಆ ಕಥೆಯೂ ಹಾಗೆಯೇ. "ಅಪ್ಪನ ಜುಟ್ಟು ಹಿಡಕೊಂಡು" ಎಂದು ಅವಳು ಹೇಳಿದ್ದಳೆಂದು ನಮ್ಮಮ್ಮನ ವಾದ. ಕಿವಿಯನ್ನು ನಾನೇ ಆಮೇಲೆ ಸೇರಿಸಿಕೊಂಡಿರಬಹುದು. ಅವಳು ಏನು ಹಿಡಿದಿದ್ದಳೋ, ನನಗೆ ಗೊತ್ತಿಲ್ಲ.