ಓಡಿಸಿದ್ದು ನಾನು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಮ್ಮ ಕುಟುಂಬದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲು. ಈ ಬರಹದಲ್ಲಿ ಲೋಪಗಳಿದ್ದರೆ ಅವೆಲ್ಲ ನನ್ನವೇ. ಮನೆಯಲ್ಲಿ ತಿದ್ದುವವರು ಇಲ್ಲವೆಂದಲ್ಲ, ದೊಡ್ಡಮ್ಮ ಇದ್ದಾರೆ. ಠಾಣೆಗೆ ಹೋಗಿ, ಆರೋಪಿಯ ಜಾಗದಲ್ಲಿ ತನ್ನ ಹೆಸರನ್ನೇ ಬರೆಯಬೇಕೆಂದು ಹಟ ಹಿಡಿದ ಮಹಿಳೆ ಈ ಕರಾವಳಿಯಲ್ಲಿ ಅವರೊಬ್ಬರೇ ಎಂದು ನನ್ನ ದೃಢವಾದ ನಂಬಿಕೆ.

ಸುಳ್ಳು ಎಷ್ಟೇ ನಿರುಪದ್ರವಿಯಾಗಿರಲಿ, ದೊಡ್ಡಮ್ಮ ಸಹಿಸುವವರಲ್ಲ. ಮದುವೆಮನೆಯಲ್ಲಿ ಊಟ ಹೇಗಿತ್ತೆಂದು ಅವರನ್ನು ಕೇಳಬಾರದು. ಉಪಚಾರಕ್ಕೆ ಕೇಳಿದ ಬೀಗರೊಬ್ಬರು ಸಾರಿನಿಂದ ಪಾಯಸದವರೆಗಿನ ಉತ್ತರವನ್ನು ನಿಂತೇ ಕೇಳಬೇಕಾಯಿತು. ಇನ್ನೊಮ್ಮೆ ಕಾರ್ಕಳದ ಬಸ್ಸಿನಲ್ಲಿ ಕಂಡಕ್ಟರ್ "ಹಿಂದೆ ಖಾಲಿ ಉಂಟು, ಹಿಂದೆ ಹೋಗಿ" ಎಂದು ಕೂಗಿದಾಗ, ಇವರು ಜನರ ನಡುವೆ ನುಸುಳಿ ಹಿಂದಕ್ಕೆ ಹೋಗಿ, ಪರಿಶೀಲಿಸಿ, ಮರಳಿ ಬಂದರು.

"ಖಾಲಿ ಎಂತದೂ ಇಲ್ಲ. ಯಾಕೆ ಸುಳ್ಳು ಹೇಳುವುದು?"

"ಅಮ್ಮಾ, ನೀವೊಂದು ಸ್ಕೂಟರ್ ತೆಗೊಳ್ಳಿ ಮಾರಾಯ್ರೆ."

ತೆಗೆದುಕೊಂಡೇಬಿಟ್ಟರು! ಐವತ್ತು ದಾಟಿದ ಮೇಲೆ ಓಡಿಸಲು ಕಲಿತು, ಪರವಾನಗಿಯನ್ನೂ ಪಡೆದರು. ಹಿಂಬದಿಯ ಸೀಟು ದೊಡ್ಡಪ್ಪನದು. ಅವರಿಗೆ ಸೈಕಲ್ ಕೂಡ ಬಾರದು.

ಹೀಗಿರುವಾಗ ಕಾಪುವಿನ ಬಳಿ ನಾಯಿಯೊಂದು ಅಡ್ಡ ಬಂದು ಸ್ಕೂಟರ್ ಮಗುಚಿತು. ದೊಡ್ಡಪ್ಪನ ಕೈ ಮುರಿಯಿತು. ಮಣಿಪಾಲದ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಮೇಲೆ ಪೊಲೀಸ್ ವರದಿಯ ಪ್ರತಿ ಕೈಸೇರಿತು. ಅದರ ಪ್ರಕಾರ ಸ್ಕೂಟರನ್ನು "ಅತಿವೇಗ ಹಾಗೂ ಅಜಾಗರೂಕತೆಯಿಂದ" ಚಲಾಯಿಸಿದವರು ದೊಡ್ಡಪ್ಪ! ಊಟಕ್ಕೆ ಕರೆದರೂ ಅತಿವೇಗದಿಂದ ಬರುವವರೇ ಅವರು? ನಗು ಬಂದರೂ ವಿಷಯ ಗಂಭೀರವಾಗಿತ್ತು. ಪರವಾನಗಿಯಿಲ್ಲದೆ ವಾಹನ ಓಡಿಸಿದ ಮೊಕದ್ದಮೆಯೂ ಆ ಸಾಧು ಮನುಷ್ಯನ ತಲೆಯ ಮೇಲೆ ಬಂದಿತ್ತು.

ತಿದ್ದುಪಡಿಯ ಅರ್ಜಿಯನ್ನು ನಾನೇ ಬರೆದೆ. "ತಮ್ಮಲ್ಲಿ ಸವಿನಯ ಪ್ರಾರ್ಥನೆ" ಎಂದು ಓದಿ ಹೇಳುತ್ತಿದ್ದಂತೆ ದೊಡ್ಡಮ್ಮ ತಡೆದರು.

"ಪ್ರಾರ್ಥನೆ ದೇವಸ್ಥಾನದಲ್ಲಿ. ಇಲ್ಲಿ, ತಪ್ಪು ಬರೆದಿದ್ದೀರಿ ಅಂತ ಬರಿ."

ಮೂವರೂ ಠಾಣೆಗೆ ಹೋದೆವು. ಅರ್ಜಿ ಓದಿದ ಹೆಡ್ ಕಾನ್‌ಸ್ಟೇಬಲ್ ಕನ್ನಡಕ ತೆಗೆದರು.

"ಅಮ್ಮಾ, ಎಲ್ಲರೂ ಹೆಸರು ತೆಗೀರಿ ಅಂತ ಬರ್ತಾರೆ. ನೀವು ಹಾಕಿ ಅಂತೀರಲ್ಲ?"

"ಓಡಿಸಿದ್ದು ನಾನು. ಅತಿವೇಗ ಮಾತ್ರ ತೆಗೀರಿ, ಅದು ಸುಳ್ಳು. ಬೇಕಾದರೆ ಆ ನಾಯಿಯನ್ನು ಕೇಳಿ."

"ನಾವಾಗಿ ಬರೆದದ್ದಲ್ಲ. ಓಡಿಸಿದ್ದು ನಾನೇ ಅಂತ ಆಸ್ಪತ್ರೆಯಲ್ಲಿ ನಿಮ್ಮ ಯಜಮಾನ್ರೇ ಹೇಳಿದ್ದು."

ದೊಡ್ಡಮ್ಮ ಗಂಡನತ್ತ ತಿರುಗಿದರು.

"ಎಂತಕ್ಕೆ ಹಾಗೆ ಹೇಳಿದ್ದು?"

ದೊಡ್ಡಪ್ಪ ಪ್ಲಾಸ್ಟರನ್ನೇ ನೋಡುತ್ತಾ ಮೆಲ್ಲನೆ ಹೇಳಿದರು: "ಕೇಸಾದರೆ ನಿನ್ನ ಲೈಸೆನ್ಸ್ ಹೋಗ್ತದೆ ಅಂತ ಹೆದರಿಕೆ ಆಯ್ತು. ಸ್ಕೂಟರ್ ಬಂದ ಮೇಲೆ ಅಲ್ವಾ ನೀನು ಸ್ವಲ್ಪ ಹೊರಗೆ ಹೋಗಿ ಬರುವುದು?"

ದೊಡ್ಡಮ್ಮ ಗಂಡನ ಕೊರಳಿನಿಂದ ಕೈಗೆ ಕಟ್ಟಿದ್ದ ಪಟ್ಟಿಯನ್ನು ಸರಿಪಡಿಸಿದರು. ಅದು ಸರಿಯಾಗಿಯೇ ಇತ್ತು.

ಬರೆದ ವರದಿಯನ್ನು ಅಳಿಸಲು ಬರುವುದಿಲ್ಲವೆಂದು ಹೆಡ್ ಕಾನ್‌ಸ್ಟೇಬಲ್ ಇಬ್ಬರ ಮರುಹೇಳಿಕೆಯನ್ನೂ ಬರೆದುಕೊಂಡರು. ತನಿಖೆ ಮುಗಿದಾಗ ದೊಡ್ಡಪ್ಪನ ಮೇಲಿನ ಆರೋಪ ಬಿದ್ದುಹೋಯಿತು, ಅತಿವೇಗದ ಮಾತೂ ಹೋಯಿತು, ದೊಡ್ಡಮ್ಮನ ಪರವಾನಗಿ ಉಳಿಯಿತು.

ಅಪಘಾತಕ್ಕೆ ಮುನ್ನ ದೊಡ್ಡಪ್ಪ, ನೆರೆಯವರು ನೋಡಿ ನಕ್ಕಾರೆಂದು, ಕುಕ್ಕುಂದೂರಿನ ತಿರುವಿನಲ್ಲೇ ಇಳಿದು ಮನೆಗೆ ನಡೆದು ಬರುತ್ತಿದ್ದರು. ಈಗ ಅಂಗಳದವರೆಗೂ ಹೆಂಡತಿಯ ಹಿಂದೆಯೇ ಕುಳಿತು ಬರುತ್ತಾರೆ.