ಸೋಬಾನೆ ಮೇಯ್ದ ಡಿಸ್ಕು

ನೆಂಟರಲ್ಲಿ ಕಂಪ್ಯೂಟರ್ ಬಲ್ಲವರು ಒಬ್ಬರೂ ಇಲ್ಲದಿದ್ದರೆ ಸಂಸಾರ ಸಲೀಸಾಗಿ ಸಾಗುತ್ತದೆ. ಒಬ್ಬ ಇದ್ದಾಗಲೇ ಕಷ್ಟ. ನಮ್ಮ ಪಾಲಿನ ಆ ಒಬ್ಬ ನನ್ನ ಭಾಮೈದ ಜಗದೀಶ. ಹಾಸನದ ತರಬೇತಿ ಕೇಂದ್ರವೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ. ಯಾರ ಮನೆಗೆ ಹೋದರೂ ಕಾಫಿ ಬರುವಷ್ಟರಲ್ಲಿ ಅವರ ಕಂಪ್ಯೂಟರನ್ನು ಬಿಚ್ಚಿರುತ್ತಿದ್ದ. ಮತ್ತೆ ಮುಚ್ಚುವಾಗ ಮಿಕ್ಕ ಸ್ಕ್ರೂಗಳನ್ನು, "ಇವು ಎಕ್ಸ್‌ಟ್ರಾ" ಎಂದು ಮನೆಯವರ ಕೈಗೇ ಕೊಟ್ಟು ಬರುತ್ತಿದ್ದ.

ನಾನು ಚನ್ನರಾಯಪಟ್ಟಣದ ಕಾಲೇಜೊಂದರಲ್ಲಿ ಇತಿಹಾಸದ ಮೇಷ್ಟ್ರು. ಎರಡು ಸಾವಿರದ ಇಸವಿ ದಾಟಿದ ಮೇಲೆ ಎಲ್ಲರಂತೆ ನಾನೂ ಹೊಸ ಕಂಪ್ಯೂಟರ್ ಕೊಂಡೆ. ನಾನು ಲೇಖನ ಬರೆಯುತ್ತಿದ್ದ ಹಳೆಯ ಕನ್ನಡ ತಂತ್ರಾಂಶವನ್ನು ಅದು ಹತ್ತಿರಕ್ಕೇ ಸೇರಿಸಲಿಲ್ಲ. ಹೊಸದನ್ನು ಕಲಿಯಬಹುದಿತ್ತು. ಆದರೆ ವರ್ಷವರ್ಷವೂ ಅದೇ ನೋಟ್ಸನ್ನು ಓದಿ ಹೇಳುತ್ತ ಬಂದವನಿಗೆ ಹೊಸದು ಕಲಿ ಎನ್ನುವುದು ಬೈಗುಳಕ್ಕೆ ಸಮ. ಜಗದೀಶನಿಗೆ ಫೋನು ಮಾಡಿದೆ.

"ಅಷ್ಟೇ ತಾನೇ ಭಾವ? ಇದ್ರೊಳಗೇ ಒಂದು ಹಳೇ ಕಂಪ್ಯೂಟರ್ ಕೂರಿಸ್ಬುಡ್ತೀನಿ. ವರ್ಚುವಲ್ ಮೆಷಿನ್ ಅಂತಾರೆ. ಹೊರಗೆ ಹೊಸದು ಓಡ್ತಿರ್ತದೆ, ಒಳಗೆ ಹಳೇದು ಓಡ್ತಿರ್ತದೆ" ಎಂದ.

ಬಂದ, ಕೂರಿಸಿದ. ನನ್ನ ಲೇಖನಗಳಿದ್ದದ್ದು ಡಿಸ್ಕಿನ ಡಿ ಭಾಗದಲ್ಲಿ. ಒಳಗಿನ ಕಂಪ್ಯೂಟರಿಗೂ ಅವು ಸಿಗಬೇಕಲ್ಲ ಎಂದೆ. ಅದಕ್ಕೇನಂತೆ ಎಂದು ಆ ಭಾಗವನ್ನು ಇಡಿಯಾಗಿ ಅದರ ವಶಕ್ಕೂ ಕೊಟ್ಟ. ಪರದೆಯ ಮೇಲೆ ಹಳದಿ ತ್ರಿಕೋನದ ಜೊತೆ ಇಂಗ್ಲಿಷಿನಲ್ಲಿ ಉದ್ದನೆಯ ಎಚ್ಚರಿಕೆ ಬಂತು.

"ಏನೋ ಕೆಟ್ಟೋಗುತ್ತೆ ಅಂತಿದೆಯಲ್ಲೋ?"

"ಅದು ಎಲ್ರನ್ನೂ ಅಂಗೇ ಎದ್ರುಸ್ತದೆ, ಬುಡಿ ಭಾವ" ಎಂದು ಒತ್ತಿಯೇಬಿಟ್ಟ.

ಅದೇ ಡಿ ಭಾಗದಲ್ಲಿ ನನ್ನ ಹೆಂಡತಿ ಜಯಮ್ಮ ಜೋಪಾನ ಮಾಡಿದ್ದ ಸೋಬಾನೆ ಪದಗಳೂ ಇದ್ದವು. ಕೊರವಂಗಲದ ನಮ್ಮತ್ತೆ ಮತ್ತು ಅವರ ಗೆಳತಿ ಕೆಂಪಮ್ಮ ಜೋಡಿಯಾಗಿ ಹಾಡಿದವು. ಮುಂದೆ ಮಗಳ ಮದುವೆಗೆ ಇರಲಿ ಎಂದು ಜಯಮ್ಮ ಮೈಕು ಹಿಡಿದು ಕೂತು ತುಂಬಿಸಿದ್ದಳು. ಅದಾದ ಮೇಲೆ ಕೆಂಪಮ್ಮನ ಎಮ್ಮೆ ನಮ್ಮತ್ತೆಯ ರಾಗಿ ಹೊಲಕ್ಕೆ ನುಗ್ಗಿ, ಗೆಳತಿಯರ ನಡುವೆ ಮಾತು ನಿಂತಿತ್ತು. ಆ ಎರಡು ದನಿ ಒಟ್ಟಿಗೆ ಇದ್ದದ್ದು ನಮ್ಮ ಡಿಸ್ಕಿನಲ್ಲಿ ಮಾತ್ರ.

ಕೆಲವು ದಿನ ಸುಖವಾಗಿದ್ದೆ. ಒಳಗಿನ ಕಂಪ್ಯೂಟರಿನಲ್ಲಿ ನಾನು ಲೇಖನ ಬರೆಯುತ್ತಿದ್ದೆ. ಅದನ್ನು ಮುಚ್ಚದೆಯೇ ಹೊರಗಿನದರಲ್ಲಿ ಜಯಮ್ಮ ಫೋಟೋ ತುಂಬಿಸುತ್ತಿದ್ದಳು. ಇನ್ನೊಂದು ಇದೆಯೆಂಬುದೇ ಅರಿಯದೆ, ಎರಡು ಕಂಪ್ಯೂಟರುಗಳೂ ಡಿ ಭಾಗದ ಖಾಲಿ ಜಾಗವೆಲ್ಲ ತನ್ನದೇ ಎಂದು ಒಂದು ಬರೆದದ್ದರ ಮೇಲೆ ಇನ್ನೊಂದು ಬರೆದುಕೊಂಡು ಹೋದವು; ಯಾವುದು ಎಲ್ಲಿದೆ ಎಂಬ ಪಟ್ಟಿಯೂ ಕಲಸಿಹೋಯಿತು.

ಒಂದು ಭಾನುವಾರ ಅತ್ತೆ ಬಂದು, "ನಮ್ ಪದ ಆಕಮ್ಮಿ, ಕೇಳನ" ಎಂದರು. ಜಯಮ್ಮ ಹಾಕಿದಳು. ಹೆಣ್ಣೊಪ್ಪಿಸುವ ಪದ ಶುರುವಾಯಿತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಅದು ತುಂಡಾಗಿ, ಬೀಗರನ್ನು ಗೇಲಿ ಮಾಡುವ ಪದ ನಡುವಿನಿಂದ ಎದ್ದು, ಕರ್ರೆಂದು ಕಿರುಚಿ ಸತ್ತಿತು. ಉಳಿದವು ತೆರೆಯಲೇ ಇಲ್ಲ. ಅವುಗಳ ಹೆಸರಿನ ಜಾಗದಲ್ಲಿ ಚೌಕ, ಚುಕ್ಕೆ, ಯಾವ ದೇಶದ್ದೋ ಅಕ್ಷರ.

ಜಗದೀಶ ಓಡಿಬಂದು ರಿಪೇರಿ ಎಂಬ ಗುಂಡಿ ಒತ್ತಿದ. ಅದಕ್ಕೆ ಮೊದಲು ಹೆಸರು ಕೆಟ್ಟಿತ್ತು, ರಿಪೇರಿಯಾದ ಮೇಲೆ ಹೆಸರೇ ಉಳಿಯಲಿಲ್ಲ. ಎಲ್ಲವೂ ಬರೀ ನಂಬರಿನ ಚೂರುಗಳಾಗಿ ಸಾಲಾಗಿ ನಿಂತವು. ಒಂದನ್ನೂ ಹಾಡಿಸಲಾಗಲಿಲ್ಲ.

"ನನ್ ಮಗ ಆಸನದಿಂದ ಬಂದು ರಿಪೇರಿ ಮಾಡವ್ನೆ. ಕೆಟ್ಟಿದ್ದು ನಿಮ್ಮನೇಲಿ ಅಲ್ವರಾ, ಅಳಿಯಂದ್ರೇ?" ಎಂದರು ಅತ್ತೆ.

ಹೆಂಡತಿಯ ಕಡೆ ನೋಡಿದೆ. "ಒಳಗೊಂದು ಹಳೇದು ಬೇಕು ಅಂದೋರು ಯಾರ್ರೀ?" ಎಂದು ಅಡುಗೆಮನೆಗೆ ಹೋದಳು. ಅವಳು ಮೂಗು ಸೀಟುವುದು ಇಲ್ಲಿಗೆ ಕೇಳುತ್ತಿತ್ತು. ಜಗದೀಶ ಮಾತ್ರ ಚಪಾತಿ ಕೇಳಿ ಹಾಕಿಸಿಕೊಂಡು ತಿಂದ.

ಜಯಮ್ಮ ಅತ್ತದ್ದು ಅತ್ತೆಗೆ ತಡೆಯಲಾಗಲಿಲ್ಲ. ಊರಿಗೆ ಹೋದವರೇ ನೇರವಾಗಿ ಕೆಂಪಮ್ಮನ ಜಗಲಿಯ ಮೇಲೆ ಕೂತರಂತೆ. "ನಿನ್ನೆಮ್ಮೆ ತಿಂದಿದ್ದು ಒಂದು ಮೂಲೆ ರಾಗಿ ಕಣೆ. ನನ್ನಳಿಯನ ಎಮ್ಮೆ ಪದಾನೆಲ್ಲಾ ಮೇದ್ಬುಡ್ತು. ಎದ್ ಬಾ" ಎಂದರಂತೆ. ಕೆಂಪಮ್ಮ ನಕ್ಕು ನಕ್ಕು ರಾಜಿಯಾದರು.

ಇಬ್ಬರೂ ನಮ್ಮ ಮನೆಯಲ್ಲಿ ಕೂತು ಮತ್ತೆ ಹಾಡಿದರು. ಹೆಣ್ಣೊಪ್ಪಿಸುವ ಪದದ ನಡುವೆ ಮಾತ್ರ ಒಂದು ಸೊಲ್ಲು ಇಬ್ಬರಿಗೂ ಬಾಯಿಗೆ ಬರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜಯಮ್ಮ ಮೈಕು ಹಿಡಿದೇ ಕಾದಳು. ಆ ಸೊಲ್ಲು ಬರಲೇ ಇಲ್ಲ. ಕಡೆಗೆ ಕೆಂಪಮ್ಮ ನನ್ನನ್ನು ನೋಡುತ್ತ ಹೊಸದೊಂದನ್ನು ಎತ್ತಿದರು:

"ಒಂದು ಪೆಟ್ಟಿಗೆ ಸಾಲ್ದಂತೆ ಜಾಣ ಅಳಿಯಂಗೆ,
ಒಳಗೊಂದು ಬೇಕಂತೆ ಜಾಣ ಅಳಿಯಂಗೆ,
ಎರಡೂನು ಕೆಡಿಸ್ಕಂಡು ಕುಂತ, ಸೋ ಎನ್ನಿರೇ..."

ಅತ್ತೆ ಅಂಥ ಕಂಠದಲ್ಲಿ ಸೊಲ್ಲು ಹಿಡಿದದ್ದನ್ನು ನಾನು ಕೇಳಿರಲಿಲ್ಲ.

ಜಗದೀಶ ಈ ಸಲ ಬಲು ಜವಾಬ್ದಾರಿಯಿಂದ ನಡೆದುಕೊಂಡ. ಸೀಡಿ ಮಾಡಿ ನೆಂಟರಿಗೆಲ್ಲ ಹಂಚಿದ. "ಇನ್ ಯಾವ ಕಾಲಕ್ಕೂ ಆಳಾಗಕ್ಕಿಲ್ಲ ಭಾವ" ಎಂದು ನನಗೇ ಧೈರ್ಯ ಹೇಳಿದ. ಅವನು ಕಂಪ್ಯೂಟರಿನ ವಿಷಯದಲ್ಲಿ ಆಡಿದ ಮಾತು ನಿಜವಾದದ್ದು ಅದೊಂದೇ.

ಮೊನ್ನೆ ಅರಕಲಗೂಡಿನಲ್ಲಿ ಒಂದು ಮದುವೆ. ಎಲೆಯ ಮುಂದೆ ಕೂತಿದ್ದೆ, ಮೈಕಿನಲ್ಲಿ ಅದೇ ಜಾಣ ಅಳಿಯನ ಪದ ಬಂತು. ಪಂಕ್ತಿಯವರೆಲ್ಲ ನಗುತ್ತಿದ್ದರು. ಪಾಯಸ ಬಡಿಸುತ್ತಿದ್ದಾತ ಸೌಟು ಹಿಡಿದು ನಿಂತು, "ಯಾರ್ ಸಾ ಈ ಅಳಿಯ?" ಎಂದು ಕೇಳಿದ.

"ಹಾಸನದಲ್ಲಿ ಕಂಪ್ಯೂಟರ್ ಕಲಿಸ್ತಾನಂತೆ ಕಣಪ್ಪ, ಯಾರೋ ಜಗದೀಶ ಅಂತ" ಎಂದು ಹೇಳಿ, ಇನ್ನೊಂದು ಸೌಟು ಹಾಕಿಸಿಕೊಂಡೆ.